ಹೆಸರಿಲ್ಲದ ಅರ್ಜಿ ಓದುವುದು ಹೇಗೆ

ಹೆಸರು ನೋಡಿ ಯಾರೂ ಅಳೆಯದಿರಲಿ ಎಂದು ಮೊದಲ ಸಲ ಕೆಲಸದ ಅರ್ಜಿಗಳಲ್ಲಿ ಹೆಸರು ಮರೆಮಾಡಿದಾಗ ಒಳಗೊಳಗೇ ಬೀಗಿದ್ದೆ. ಹೆಸರು, ಫೋಟೋ, ವಿಳಾಸ, ಎಲ್ಲದರ ಮೇಲೂ ಕಪ್ಪು ಪಟ್ಟಿ. ಆಯ್ಕೆ ಸಮಿತಿಗೆ ಕಳಿಸಿ ಐದು ನಿಮಿಷ ಆಗಿರಲಿಲ್ಲ, ಒಬ್ಬರು ನಗುತ್ತಾ ಬಂದರು. "ಫೈಲ್ ಹೆಸರಲ್ಲೇ ಪೂರ್ತಿ ಹೆಸರು ಇದೆಯಲ್ರೀ!" ಕಪ್ಪು ಪಟ್ಟಿಯ ಕಥೆಯೂ ಅಷ್ಟೇ. ಅಲ್ಲಿಂದ ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರೆ ಅಡಿಯಲ್ಲಿದ್ದ ಹೆಸರು ಹಾಗೇ ಬರುತ್ತಿತ್ತು.

ಈಗ ಮಸಿ ಬಳಿಯುವ ಗೋಜೇ ಬೇಡ ಎಂದು ಫಾರ್ಮ್ ಕೊಡುತ್ತೇನೆ. ಹೆಸರು, ಫೋನ್, ಇಮೇಲ್ ಒಂದು ಹಾಳೆಯಲ್ಲಿ. ಅನುಭವ, ಮಾಡಿದ ಕೆಲಸ ಇನ್ನೊಂದರಲ್ಲಿ. ಎರಡಕ್ಕೂ ಒಂದೇ ನಂಬರ್. ಮೊದಲ ಹಾಳೆ ಆಯ್ಕೆಯಲ್ಲಿ ಕೂರದವರೊಬ್ಬರ ಹತ್ತಿರ ಇರಲಿ. ಸಮಿತಿ ನೋಡುವುದು "ಅರ್ಜಿ 17" ಅಷ್ಟೇ.

ಇಷ್ಟೆಲ್ಲಾ ಯಾಕೆ ಅಂತೀರಾ? ಬರ್ಟ್ರಾಂಡ್ ಮತ್ತು ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಬಾಸ್ಟನ್, ಶಿಕಾಗೋ ನಗರಗಳ ಉದ್ಯೋಗ ಜಾಹೀರಾತುಗಳಿಗೆ ಸುಮಾರು 5,000 ಕಾಲ್ಪನಿಕ ರೆಸ್ಯೂಮೆ ಕಳಿಸಿದ್ದರು. 2004ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಬಿಳಿಯರದು ಅನ್ನಿಸುವ ಹೆಸರಿದ್ದವಕ್ಕೆ ಕಪ್ಪು ಜನರ ಹೆಸರಿದ್ದವಕ್ಕಿಂತ ಸುಮಾರು 50% ಜಾಸ್ತಿ ಕರೆ ಬಂದಿತ್ತು.

ಹೆಸರು ಹೋದರೂ ಸುಳಿವು ಉಳಿಯುತ್ತದೆ. ಪಾಸಾದ ವರ್ಷ ವಯಸ್ಸು ಹೇಳುತ್ತದೆ, ಮಹಿಳಾ ಕಾಲೇಜು ಲಿಂಗ ಹೇಳುತ್ತದೆ, ಸಂಘದ ಹೆಸರು ಸಮುದಾಯ ಹೇಳುತ್ತದೆ. ಹಾಗಾಗಿ "ಈ ಕೆಲಸದಲ್ಲಿ ಎಷ್ಟು ವರ್ಷ?" ಎಂದಷ್ಟೇ ಕೇಳಿ. ಹವ್ಯಾಸದ ಕಾಲಂ ಸುಮ್ನೆ ತೆಗೆದುಹಾಕಿ. ಅದರಿಂದ ಉಪಯೋಗವಾಗಿದ್ದು ನಾನಂತೂ ಕಂಡಿಲ್ಲ.

ಒಂದು ಎಚ್ಚರಿಕೆ. ಫ್ರಾನ್ಸ್‌ನಲ್ಲಿ 2009–10ರಲ್ಲಿ ನಡೆದ ಪ್ರಯೋಗದಲ್ಲಿ ಹೆಸರು ಮರೆಮಾಡಿದ ಮೇಲೆ ವಲಸೆ ಹಿನ್ನೆಲೆಯವರಿಗೆ ಸಂದರ್ಶನದ ಕರೆ ಕಡಿಮೆಯೇ ಆಯಿತು. ಪ್ರಯೋಗಕ್ಕೆ ತಾವಾಗಿ ಬಂದ ಕಂಪನಿಗಳಿಗೆ ಮೊದಲೇ ಅಂಥವರ ಕಡೆ ಒಲವಿತ್ತು ಅನ್ನುವುದು ಸಂಶೋಧಕರು ಕೊಟ್ಟ ಒಂದು ಕಾರಣ. ಯಾರಿಗೋ ಬೇಕೆಂದೇ ಅವಕಾಶ ಕೊಡುತ್ತಿರುವ ಕಚೇರಿ ನಿಮ್ಮದಾದರೆ, ಈ ಪರದೆ ಆ ಒಳ್ಳೆಯದನ್ನೂ ಮುಚ್ಚಿಬಿಡಬಹುದು. ಯೋಚಿಸಿ.

ಅರ್ಜಿ ತೆರೆಯುವ ಮೊದಲೇ ಯಾವುದಕ್ಕೆ ಎಷ್ಟು ಅಂಕ ಎಂದು ಬರೆದಿಡಿ. ಕರೆಯಬೇಕಾದವರ ಪಟ್ಟಿಗೆ ಸಮಿತಿಯವರೆಲ್ಲ ಸಹಿ ಹಾಕಿದ ಮೇಲೇ ಮೊದಲ ಹಾಳೆ ಹೊರಗೆ ಬರಬೇಕು.

ಸಂದರ್ಶನದಲ್ಲಿ ಮುಖ ಕಾಣುತ್ತದೆ, ಹೆಸರು ಕೇಳುತ್ತದೆ, ಪರದೆ ಅಲ್ಲಿಗೆ ಮುಗೀತು. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ. ಅಂಕ ಹಾಕದೆ ಪಕ್ಕದವರ ಜತೆ ಮಾತಿಲ್ಲ. ಇನ್ನು "ಯಾವ ಊರು? ಮನೇಲಿ ಯಾರ್ಯಾರಿದ್ದಾರೆ?" ಅನ್ನುವ ಹರಟೆ. ನಮ್ಮ ಸಮಿತಿಯ ಹಿರಿಯರೊಬ್ಬರಿಗೆ ಇದನ್ನು ಬಿಡಿಸಲು ನನಗೆ ಮೂರು ನೇಮಕಾತಿ ಬೇಕಾಯಿತು.