ಅರಣ್ಯ ಸೇವೆಗೆ ಸೇರಬೇಕಾ? ಪುಸ್ತಕದ ಜೊತೆ ಶೂ ಕೂಡ ತೆಗೆದಿಡಿ

ಕನ್ನಡ, ಇತಿಹಾಸ ಓದಿದವರೂ ಐಎಎಸ್ ಪರೀಕ್ಷೆ ಬರೆಯಬಹುದು. ಭಾರತೀಯ ಅರಣ್ಯ ಸೇವೆಗೆ ಹಾಗಲ್ಲ. ಇದು ಎಷ್ಟೋ ಮಕ್ಕಳಿಗೆ ಪದವಿ ಮುಗಿದ ಮೇಲೆ ಗೊತ್ತಾಗುತ್ತದೆ. ಆಗ ತುಂಬಾ ಬೇಸರವಾಗುತ್ತದೆ. ಹಾಗಾಗಿ ಪಿಯುಸಿಯಲ್ಲೇ ಇದನ್ನು ಓದಿಕೊಳ್ಳಿ.

ಮೊದಲು ಪದವಿ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಪಶುಸಂಗೋಪನೆ ಮತ್ತು ಪಶುವೈದ್ಯಕೀಯ, ಇವುಗಳಲ್ಲಿ ಒಂದನ್ನಾದರೂ ಪದವಿಯಲ್ಲಿ ಓದಿರಬೇಕು. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಇರಬೇಕು. ಅರಣ್ಯಶಾಸ್ತ್ರವನ್ನೇ ಓದುವ ಆಸೆ ಇದ್ದರೆ ನಮ್ಮಲ್ಲಿ ಶಿರಸಿ ಮತ್ತು ಪೊನ್ನಂಪೇಟೆಯಲ್ಲಿ ಕಾಲೇಜುಗಳಿವೆ. ವಯಸ್ಸು 21 ತುಂಬಿರಬೇಕು, ಸಾಮಾನ್ಯ ವರ್ಗದವರಿಗೆ 32 ತುಂಬಿರಬಾರದು. ಮೀಸಲಾತಿ ಇರುವವರಿಗೆ ಸಡಿಲಿಕೆ ಇದೆ.

ಪರೀಕ್ಷೆ ನಡೆಸುವುದು ಯುಪಿಎಸ್‌ಸಿ, ಅಂದರೆ ಕೇಂದ್ರ ಲೋಕಸೇವಾ ಆಯೋಗ. 2013ರಿಂದ ಇದಕ್ಕೂ ಐಎಎಸ್‌ಗೆ ಬರೆಯುವ ಸಿವಿಲ್ ಸರ್ವೀಸಸ್‌ಗೂ ಒಂದೇ ಪ್ರಿಲಿಮ್ಸ್ (ಮೊದಲ ಹಂತದ ಪರೀಕ್ಷೆ). ಅರ್ಜಿ ತುಂಬುವಾಗ ಅರಣ್ಯ ಸೇವೆಯನ್ನೂ ಮರೆಯದೆ ಆಯ್ಕೆ ಮಾಡಿ. ಪ್ರಿಲಿಮ್ಸ್ ಒಂದೇ ಆದರೂ ಮೇನ್ಸ್ (ಮುಖ್ಯ ಪರೀಕ್ಷೆ) ಬೇರೆ.

ಮೇನ್ಸ್‌ನಲ್ಲಿ ಆರು ಪತ್ರಿಕೆ, 1400 ಅಂಕ. ಇಂಗ್ಲಿಷ್‌ಗೆ 300, ಸಾಮಾನ್ಯ ಜ್ಞಾನಕ್ಕೆ 300. ಉಳಿದ 800 ಅಂಕ ನೀವು ಆರಿಸಿಕೊಂಡ ಎರಡು ಐಚ್ಛಿಕ ವಿಷಯಗಳದ್ದು. ಎಲ್ಲ ವಿಷಯಗಳೂ ಜೋಡಿಯಾಗುವುದಿಲ್ಲ. ಕೃಷಿಯ ಜೊತೆ ಅರಣ್ಯಶಾಸ್ತ್ರ, ಗಣಿತದ ಜೊತೆ ಸಂಖ್ಯಾಶಾಸ್ತ್ರ ತೆಗೆದುಕೊಳ್ಳುವಂತಿಲ್ಲ. ಇನ್ನೊಂದು ಮುಖ್ಯ ವಿಷಯ: ಉತ್ತರಗಳನ್ನು ಇಂಗ್ಲಿಷ್‌ನಲ್ಲೇ ಬರೆಯಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಇದಕ್ಕೆ ಹೆದರಬೇಡಿ. ದಿನಕ್ಕೊಂದು ಉತ್ತರ ಬರೆದು ಯಾರಿಗಾದರೂ ತೋರಿಸುತ್ತಾ ಬನ್ನಿ. ಎರಡು ವರ್ಷದಲ್ಲಿ ಕೈ ಪಳಗುತ್ತದೆ.

ಆಮೇಲೆ 300 ಅಂಕಗಳ ಸಂದರ್ಶನ.

ಇನ್ನು ನಡಿಗೆ ಪರೀಕ್ಷೆ. ಗಂಡಸರು ನಾಲ್ಕು ಗಂಟೆಯಲ್ಲಿ 25 ಕಿಲೋಮೀಟರ್, ಹೆಂಗಸರು ಅಷ್ಟೇ ಹೊತ್ತಿನಲ್ಲಿ 14 ಕಿಲೋಮೀಟರ್ ನಡೆಯಬೇಕು. ಮೈಸೂರಿನಿಂದ ನಂಜನಗೂಡಿಗೆ ಹೆಚ್ಚುಕಡಿಮೆ 25 ಕಿಲೋಮೀಟರ್ ಆಗುತ್ತದೆ. ಕಿಲೋಮೀಟರಿಗೆ ಒಂಬತ್ತೂವರೆ ನಿಮಿಷ ಸಿಗುತ್ತದೆ, ಅಷ್ಟೇ. ಮೊದಲ ಹತ್ತು ಕಿಲೋಮೀಟರ್ ಸುಲಭ ಅನ್ನಿಸುತ್ತದೆ. ಆಮೇಲೆ ಬೆವರಿಗೆ ಸಾಕ್ಸ್ ಒದ್ದೆಯಾಗಿ ಹಿಮ್ಮಡಿ ಉಜ್ಜಲು ಶುರುವಾಗುತ್ತದೆ, ಬೊಬ್ಬೆ ಏಳುತ್ತದೆ. ಹೊಸ ಶೂ ಹಾಕಿಕೊಂಡು ಹೋದವರಿಗಂತೂ ಕಷ್ಟ ಜಾಸ್ತಿ. ಕಡೇ ತಿಂಗಳಲ್ಲಿ ಗಡಿಬಿಡಿ ಮಾಡಿದರೆ ಆಗುವ ಕೆಲಸ ಇದಲ್ಲ. ಬೆಳಗ್ಗೆ ಐದು ಕಿಲೋಮೀಟರಿನಿಂದ ಶುರು ಮಾಡಿ, ವಾರಕ್ಕೊಮ್ಮೆ ದೂರ ಹೆಚ್ಚಿಸಿ. ಪರೀಕ್ಷೆಯ ದಿನ ಹಾಕುವ ಶೂನಲ್ಲೇ ಅಭ್ಯಾಸ ಮಾಡಿ. ಎತ್ತರವನ್ನೂ ಒಮ್ಮೆ ಅಳೆಸಿಕೊಳ್ಳಿ: ಗಂಡಸರಿಗೆ 163 ಸೆಂಟಿಮೀಟರ್, ಹೆಂಗಸರಿಗೆ 150. ಕೆಲವು ಸಮುದಾಯಗಳಿಗೆ ರಿಯಾಯಿತಿ ಇದೆ.

ಆಯ್ಕೆಯಾದವರಿಗೆ ಡೆಹ್ರಾಡೂನ್‌ನ ಇಂದಿರಾ ಗಾಂಧಿ ರಾಷ್ಟ್ರೀಯ ಅರಣ್ಯ ಅಕಾಡೆಮಿಯಲ್ಲಿ ತರಬೇತಿ. ಕರ್ನಾಟಕವೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ, ಅಸ್ಸಾಮಿನ ಕಾಡೂ ನಿಮ್ಮ ಪಾಲಿಗೆ ಬರಬಹುದು. ಅದಕ್ಕೆ ಮನೆಯವರನ್ನೂ ಈಗಲೇ ಒಪ್ಪಿಸಿಕೊಂಡಿರಿ.