ಬೇಸ್‌ಮೆಂಟ್ ಮಾಡಿಸುವ ಮುಂಚೆ ಒಂದು ಮಳೆಗಾಲ ನೋಡಿ

ಶಿಕಾಗೋ ಕಡೆ ಹೊಸದಾಗಿ ಮನೆ ತಗೊಂಡವರು ಗೃಹಪ್ರವೇಶದ ದಿನವೇ ಬೇಸ್‌ಮೆಂಟ್, ಅಂದರೆ ನೆಲದಡಿಯ ಬೋಳು ಅಂತಸ್ತನ್ನು ರೂಮು ಮಾಡಿಸುವ ಮಾತು ತೆಗೆಯುತ್ತಾರೆ. ಹೋಂ ಥಿಯೇಟರ್, ಒಂದು ಬಾತ್‌ರೂಮ್, ಅಪ್ಪ ಅಮ್ಮ ಬಂದರೆ ಇರಲಿ ಅಂತ ಒಂದು ರೂಮು. ಎಲ್ಲ ಆಗಲಿ. ಆದರೆ ಒಂದು ಸಲ ಹಿಮ ಕರಗಿ, ಜೋರು ಮಳೆ ಸುರಿದ ಮೇಲೆ ಆಗಲಿ.

ನಮ್ಮ ಊರುಗಳಲ್ಲಿ ನೆಲದ ಕೆಳಗೆ ಯಾರೂ ಸಂಸಾರ ಮಾಡುವುದಿಲ್ಲ, ಹಾಗಾಗಿ ಈ ಜಾಗದ ಸ್ವಭಾವ ನಮಗೆ ಗೊತ್ತಿಲ್ಲ. ಇಲ್ಲಿ ಚಳಿಗೆ ಮಣ್ಣೇ ಹೆಪ್ಪುಗಟ್ಟಿ ಉಬ್ಬುತ್ತದೆ. ಅದು ಪಾಯವನ್ನು ಎತ್ತಬಾರದು ಅಂತ ಪಾಯವನ್ನು 42 ಇಂಚಿನಷ್ಟಾದರೂ ಆಳಕ್ಕೆ ಇಳಿಸುತ್ತಾರೆ. ಅಷ್ಟು ಅಗೆದವರು ಇನ್ನೊಂದಿಷ್ಟು ಅಗೆದು ರೂಮು ಮಾಡಿಕೊಂಡರು. ಸುತ್ತ ಮಣ್ಣು, ಮಣ್ಣಲ್ಲಿ ನೀರು.

ಜೋರು ಮಳೆ ಬಂದ ಮಾರನೇ ದಿನ ಟಾರ್ಚ್ ಹಿಡಿದು ಕೆಳಗಿಳಿಯಿರಿ. ಗೋಡೆ ನೆಲ ಸೇರುವ ಸಂದಿ ನೋಡಿ. ಕಾಂಕ್ರೀಟಿನ ಮೇಲೆ ಬೆರಳಿಗೆ ಹತ್ತುವ ಬಿಳಿ ಪುಡಿ ಇದ್ದರೆ ಅದು ಸುಣ್ಣವಲ್ಲ, ನೀರು ಬಂದು ಆರಿ ಬಿಟ್ಟುಹೋದ ಉಪ್ಪು. ಎರಡಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಒಂದೆರಡು ದಿನ ಬಿಟ್ಟು ತೆಗೆಯಿರಿ. ಅಡಿಯಲ್ಲಿ ಹನಿ ಕಟ್ಟಿದ್ದರೆ ಕಾರ್ಪೆಟ್ ಆಸೆ ಸದ್ಯಕ್ಕೆ ಬಿಡಿ. ಸೂರಿನ ನೀರು ಗೋಡೆ ಬುಡಕ್ಕೆ ಬೀಳದ ಹಾಗೆ ಪೈಪ್ ದೂರಕ್ಕೆ ಎಳೆಸಿ. ನೆಲದಡಿ ಸೇರುವ ನೀರನ್ನು ಹೊರಗೆ ಹಾಕುವ ಸಂಪ್ ಪಂಪಿಗೆ ಬ್ಯಾಟರಿ ಇರಲೇಬೇಕು, ಯಾಕೆಂದರೆ ಕರೆಂಟು ಹೋಗುವುದೂ ನೀರು ನುಗ್ಗುವುದೂ ಒಂದೇ ಬಿರುಗಾಳಿಗೆ.

ಚಳಿ ತಡೆಯಲು ತುಂಬುವ ಹತ್ತಿಯಂಥ ಫೈಬರ್‌ಗ್ಲಾಸನ್ನು ಕಾಂಕ್ರೀಟ್ ಗೋಡೆಗೆ ನೇರ ಒತ್ತಿ ತುಂಬಲು ಬಿಡಬೇಡಿ. ಒಳಗಿನ ಬೆಚ್ಚನೆ ಗಾಳಿ ತಣ್ಣನೆ ಗೋಡೆ ತಾಕಿ ನೀರಾಗುತ್ತದೆ, ಒಳಗೋಡೆಯ ಡ್ರೈವಾಲ್ ಹಲಗೆಯ ಹಿಂದೆ ಬೂಷ್ಟು ಹಿಡಿಯುತ್ತದೆ. ಮೊದಲು ಗೋಡೆಗೆ ಫೋಮ್ ಬೋರ್ಡ್, ಆಮೇಲೆ ಮರದ ಫ್ರೇಮು. ಮಣ್ಣಿನಿಂದ ಮನೆಯೊಳಗೆ ಸೇರುವ ವಿಕಿರಣದ ಅನಿಲ ರೇಡಾನ್, ಅದರ ಪರೀಕ್ಷೆಯನ್ನೂ ಈಗಲೇ ಮಾಡಿ. ಲೀಟರ್ ಗಾಳಿಗೆ 4 ಪಿಕೋಕ್ಯೂರಿ ಅಥವಾ ಜಾಸ್ತಿ ಬಂದರೆ ಅದನ್ನು ಹೊರಗೆ ಎಳೆಯಲು ನೆಲದಡಿಯಿಂದ ಪೈಪ್, ಫ್ಯಾನ್ ಹಾಕಿಸಬೇಕು. ನೆಲ ಬೋಳಾಗಿರುವಾಗ ಅದು ಸುಲಭ. ಪರ್ಮಿಟ್ ತಗೊಳ್ಳಿ, ಇಲ್ಲದಿದ್ದರೆ ಮನೆ ಮಾರುವಾಗ ತಲೆನೋವು.

ಈಗ ಅಪ್ಪ ಅಮ್ಮನ ರೂಮು. ಮಲಗುವ ರೂಮಿಗೆ ಬೆಂಕಿ ಬಿದ್ದರೆ ಹೊರಗೆ ಹತ್ತಿ ಹೋಗುವಂಥ ಕಿಟಕಿ ಬೇಕು: ತೆರೆದಾಗ 5.7 ಚದರಡಿ ಜಾಗ, ಅದರ ಕೆಳ ಅಂಚು ನೆಲದಿಂದ 44 ಇಂಚಿಗಿಂತ ಎತ್ತರ ಇರಬಾರದು. ಅದಿಲ್ಲದೆ ಯಾರನ್ನೂ ಅಲ್ಲಿ ಮಲಗಿಸಬೇಡಿ. ಕಾನೂನು ಅಷ್ಟಕ್ಕೆ ನಿಲ್ಲುತ್ತದೆ, ನನ್ನ ಮಾತು ನಿಲ್ಲುವುದಿಲ್ಲ. ಜಗಲಿ ಮೇಲೆ ಕೂತು ಹೋಗಿಬರುವವರನ್ನೆಲ್ಲ ಮಾತಾಡಿಸಿ ಬಾಳಿದ ಜೀವಗಳು ಅವು. ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿ ಅಭ್ಯಾಸವಿರುವ ಅಮ್ಮ ಇಲ್ಲಿ ಕತ್ತಲಲ್ಲಿ ಮೆಟ್ಟಿಲ ಕಂಬಿ ತಡಕುತ್ತಾ ಕಾಫಿಗೆ ಮೇಲೆ ಬರಬೇಕು. ‘ಮಕ್ಕಳು ಮಲಗಿರ್ತಾರೆ, ಸದ್ದಾಗತ್ತೆ’ ಅಂತ ಬರುವುದನ್ನೇ ಬಿಡುತ್ತಾರೆ. ಸಾಧ್ಯವಿದ್ದರೆ ನಿಮ್ಮ ಆಫೀಸು ಕೆಳಗಿಳಿಸಿ, ಅವರಿಗೆ ಅಡುಗೆಮನೆ ಪಕ್ಕದ ರೂಮು ಕೊಡಿ. ಅಜ್ಜಿ ಹುರುಳಿಕಾಯಿ ಸೋಸುವ ಟೇಬಲ್ಲಿನಲ್ಲೇ ಹುಡುಗರು ಹೋಂವರ್ಕ್ ಮಾಡಿದರೆ ಕನ್ನಡ ತಾನಾಗಿ ಬಾಯಿಗೆ ಬರುತ್ತದೆ. ಅಜ್ಜಿ ಕೆಳಗೆ ಒಬ್ಬರೇ ಟಿವಿ ಮುಂದೆ ಕೂತರೆ ವಾರಕ್ಕೊಂದು ಕ್ಲಾಸಿನಿಂದ ಅದು ಬರುವುದಿಲ್ಲ. ಬಂದಿರುವುದೇ ಆರು ತಿಂಗಳಿಗೆ, ಅಲ್ವಾ?

ಕೆಳಗಿನ ಜಾಗವನ್ನು ಜಾಸ್ತಿ ತುಂಡು ಮಾಡಬೇಡಿ. ಚಾಪೆ ಹಾಸಿ ಎಲೆ ಹಾಕುವಷ್ಟು ಬಯಲಿರಲಿ. ರಾಜ್ಯೋತ್ಸವದ ನಾಟಕದ ಪ್ರಾಕ್ಟೀಸು, ದಸರಾ ಗೊಂಬೆ ಎಲ್ಲ ಅಲ್ಲೇ ಆಗಬೇಕು. ಗೊಂಬೆ ಪೆಟ್ಟಿಗೆ ನೆಲದ ಮೇಲಿಡದೆ ಹಲಗೆ ಮೇಲಿಡಿ, ಬೇಸಿಗೆಯಲ್ಲಿ ಗಾಳಿಯ ತೇವ ಹೀರುವ ಡೀಹ್ಯುಮಿಡಿಫೈಯರ್ ಓಡಲಿ. ಮರದ ಪಟ್ಟದ ಗೊಂಬೆಗೆ ತೇವ ಆಗಿಬರುವುದಿಲ್ಲ.