ಪೆಟ್ರೋಲ್ ಏರಿದಾಗ ಮನೆ ಲೆಕ್ಕ ಎಲ್ಲಿಂದ ಶುರು ಮಾಡಬೇಕು?

2024ರ ಜೂನ್ 15ರಂದು ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿತು. ಬೆಂಗಳೂರಿನಲ್ಲಿ ಪೆಟ್ರೋಲ್ 99.84 ರೂಪಾಯಿಯಿಂದ 102.84ಕ್ಕೆ ಹೋಯಿತು. ಬಂಕಿನಲ್ಲಿ ನಿಂತು ಎಲ್ಲರೂ ಬೈದದ್ದೇ ಬೈದದ್ದು. ಆದರೆ ತಿಂಗಳಿಗೆ 20 ಲೀಟರ್ ಹಾಕಿಸುವವರಿಗೆ ಜಾಸ್ತಿಯಾದದ್ದು ಬರೀ 60 ರೂಪಾಯಿ. ಅದೇ ದಿನ ಡೀಸೆಲ್ಲೂ ಏರಿತ್ತು, 2025ರ ಏಪ್ರಿಲ್‌ನಲ್ಲಿ ಮತ್ತೆ 2 ರೂಪಾಯಿ ಏರಿತು. ತರಕಾರಿ ಲಾರಿ, ಸ್ಕೂಲ್ ವ್ಯಾನ್, ನೀರಿನ ಟ್ಯಾಂಕರ್ ಎಲ್ಲ ಓಡೋದು ಅದರಲ್ಲೇ. ಅದಕ್ಕೇ ಬಂಕಿನ ಬಿಲ್ ಒಂದನ್ನೇ ಹಿಡಿದು ಕೂತರೆ ಪ್ರಯೋಜನವಿಲ್ಲ.

ಮೊದಲು ನಿಮ್ಮ ಗಾಡಿಗೆ ಕಿಲೋಮೀಟರಿಗೆ ಎಷ್ಟು ಬೀಳುತ್ತದೆ ನೋಡಿ. ಟ್ಯಾಂಕ್ ಫುಲ್ ಮಾಡಿಸಿ ಮೀಟರ್ ಬರೆದಿಟ್ಟುಕೊಳ್ಳಿ, ಮುಂದಿನ ಸಲ ಮತ್ತೆ ಫುಲ್ ಮಾಡಿಸಿದಾಗ ಕೊಟ್ಟ ದುಡ್ಡನ್ನು ಓಡಿದ ಕಿಲೋಮೀಟರಿನಿಂದ ಭಾಗಿಸಿ, ಅಷ್ಟೇ. ಆ 102.84ರ ರೇಟಿನಲ್ಲಿ, ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರಿಗೆ ಸುಮಾರು 2.30 ರೂಪಾಯಿ, 15 ಕೊಡುವ ಕಾರಿಗೆ 7 ರೂಪಾಯಿ ಹತ್ತಿರ ಬರುತ್ತದೆ. ಈರುಳ್ಳಿ ಕೆಜಿಗೆ 5 ರೂಪಾಯಿ ಕಡಿಮೆ ಅಂತ ಐದು ಕಿಲೋಮೀಟರ್ ಸ್ಕೂಟರ್ ಓಡಿಸಿಕೊಂಡು ಹೋಗಿ ಎರಡು ಕೆಜಿ ತಂದರೆ ಉಳಿದದ್ದು 10, ಹೋಗಿಬರಲು ಸುಟ್ಟದ್ದು 23. ಹೇಗೂ ಆ ಕಡೆ ಹೋಗುವ ಕೆಲಸವಿದ್ದರೆ ಮಾತ್ರ ತನ್ನಿ.

ಆಮೇಲೆ ಮನೆಯಲ್ಲಿ ಯಾರು ಎಲ್ಲಿಗೆ ಹೋಗುತ್ತಾರೆ ನೋಡಿ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಫ್ರೀ. ಆದರೂ ಎಷ್ಟೋ ಮನೆಗಳಲ್ಲಿ ಹೆಂಡತಿಯನ್ನು ಆಫೀಸಿನ ಬಾಗಿಲವರೆಗೂ ಬಿಟ್ಟು ಬರುವ ರೂಢಿ. ಪ್ರೀತಿ ಇರಲಿ, ಸ್ಟಾಪಿನವರೆಗೆ ಬಿಟ್ಟರೆ ಸಾಕಲ್ವಾ? ಬಸ್ಸಿಗೆ ಅರ್ಧ ಗಂಟೆ ಕಾಯಬೇಕಾದ ಊರಾದರೆ ಮಾತು ಬೇರೆ.

ಇನ್ನು ಗ್ಯಾಸ್. ಇಲ್ಲಿ ತುಂಬಾ ಜನ ಎಡವುತ್ತಾರೆ. ಸಿಲಿಂಡರ್ ರೇಟ್ ಏರಿದ ಕೂಡಲೇ ಇಂಡಕ್ಷನ್ ಸ್ಟವ್ ತರುತ್ತಾರೆ, ಕರೆಂಟ್ ಹೇಗೂ ಗೃಹಜ್ಯೋತಿಯಲ್ಲಿ ಫ್ರೀ ಅಂತ. ಆದರೆ ಎಲ್ಲರಿಗೂ 200 ಯೂನಿಟ್ ಫ್ರೀ ಇಲ್ಲ. ನಿಮ್ಮ ಹಳೆಯ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ ಮಿತಿ ಹಾಕಿರುತ್ತಾರೆ. 1500 ವ್ಯಾಟ್ ಸ್ಟವ್ ದಿನಕ್ಕೆ 40 ನಿಮಿಷ ಉರಿದರೆ ಒಂದು ಯೂನಿಟ್, ತಿಂಗಳಿಗೆ 30. ನಿಮ್ಮ ಮಿತಿ 90 ಇದ್ದು 80 ಈಗಾಗಲೇ ಖರ್ಚಾಗುತ್ತಿದ್ದರೆ ಮೇಲಿನ 20ಕ್ಕೆ ಬಿಲ್ ಬರುತ್ತದೆ, ಅದು ದೊಡ್ಡ ಹೊರೆಯಲ್ಲ. ಆದರೆ 180ರಲ್ಲಿ ಇರುವವರು 200 ದಾಟಿಬಿಟ್ಟರೆ ಆ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು! ಅಂಥವರು ಇಂಡಕ್ಷನ್ ಬಿಟ್ಟು ಕುಕ್ಕರ್ ಹಿಡಿಯಲಿ. ಬೇಳೆ ನೆನೆಸಿಡಿ, ಅನ್ನ ಬೇಳೆ ಒಂದೇ ಕುಕ್ಕರಿನಲ್ಲಿ ಇಡಿ, ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ. ಅಜ್ಜಿ ಹೇಳಿದ್ದೇ, ಹೊಸದೇನಲ್ಲ. ಸಿಲಿಂಡರ್ ಬಂದಾಗ ತೂಕ ಹಾಕಿಸಿಯೇ ತಗೊಳ್ಳಿ: ಮೇಲೆ ಬರೆದಿರುವ ಖಾಲಿ ತೂಕಕ್ಕೆ 14.2 ಕೆಜಿ ಕೂಡಿಸಿದರೆ ಸರಿಹೋಗಬೇಕು.

ಸ್ಕೂಲ್ ವ್ಯಾನಿನವರ ಹತ್ತಿರ ಜೂನ್‌ನಲ್ಲೇ ಮಾತಾಡಿಕೊಳ್ಳಿ. ಡೀಸೆಲ್ ಏರಿದರೆ ಎಷ್ಟು ಏರಿಸ್ತೀರಿ, ಇಳಿದರೆ ಎಷ್ಟು ಇಳಿಸ್ತೀರಿ ಅಂತ ಎರಡನ್ನೂ ಕೇಳಿ. ಎರಡನೆಯದಕ್ಕೆ ಅವರು ನಗಬಹುದು. ಮೂರ್ನಾಲ್ಕು ಮನೆಯವರು ಒಟ್ಟಿಗೆ ಹೋಗಿ ಕೇಳಿದರೆ ವರ್ಷಕ್ಕೆ ಒಂದೇ ರೇಟ್‌ಗಾದರೂ ಒಪ್ಪಬಹುದು.